ಹೊತ್ತು ಏರಿದ ನೀರು

ಅಕ್ಕಿಆಲೂರಿನ ಸಂತೆಯಲ್ಲಿ ನಾನು ವೀಳ್ಯದೆಲೆ ಕೊಳ್ಳುವುದು ಒಬ್ಬನ ಹತ್ತಿರವೇ. ಸವಣೂರಿನಿಂದ ಬುಟ್ಟಿ ತರುವ ಮನುಷ್ಯ. ಅವನ ಎಲೆ ಉಳಿದವರದಕ್ಕಿಂತ ಮೇಲು ಎಂದೇನಲ್ಲ. ಅವನು ನಮ್ಮ ಮರಿಸಾಹೇಬರ ಸ್ವಂತ ತಮ್ಮ, ಅಷ್ಟೇ. ಮೊನ್ನೆಯ ಸಂತೆಯಲ್ಲಿ ಅವನು ಬುಟ್ಟಿಯ ಮೇಲಿನ ಒದ್ದೆ ಅರಿವೆ ಸರಿಸುತ್ತ, ನನ್ನ ಮುಖ ನೋಡದೆ, "ಅಣ್ಣ ಹೋದ್ರಿ, ಸೆಕ್ರೆಟ್ರಿಯವರ" ಅಂದ.

"ಎಲ್ಲಿಗೆ?" ಅಂದೆ. ಬಾಯಿಂದ ಬಿದ್ದ ಮೇಲೆ ನನಗೇ ನಾಚಿಕೆಯಾಯಿತು.

"ಎಂಟು ದಿನಾ ಆತ್ರಿ. ಮಧ್ಯಾಹ್ನದ ನಮಾಜ್ ಮುಗಿಸಿ ಮಣ್ಣಿಗಿಟ್ಟು ಬಂದ್ವಿ. ಕೊನೀಗೆ ಮೂರು ದಿನಾ ಮಾತಿರಲಿಲ್ಲ. ಕೈ ಒಂದು ಮಾತ್ರ ಹಾಸಿಗಿ ತಟ್ಟಾಕತ್ತಿತ್ತು ನೋಡ್ರಿ, ಹಿಂಗ." ಅವನು ಅಂಗೈಯಿಂದ ಬುಟ್ಟಿಯ ಅಂಚನ್ನು ಮೆಲ್ಲಗೆ, ಬಿಡದೆ ತಟ್ಟಿ ತೋರಿಸಿದ. "ಯಾಕಂತ ನಮಗ್ಯಾರಿಗೂ ತಿಳೀಲಿಲ್ಲ."

ನನಗೆ ತಿಳಿಯಿತು. ಹೇಳಲಿಲ್ಲ. ಅವನು ಇನ್ನೂ ಒಂದು ಮಾತು ಆಡಿದ, ಅದಕ್ಕೆ ನಾನು ಒಂದು ಉತ್ತರವನ್ನೂ ಕೊಟ್ಟೆ. ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲೇ ಬರೆದರೆ ಉಳಿದದ್ದನ್ನು ಬರೆಯಲು ನನಗೆ ಕೈ ಏಳುವುದಿಲ್ಲ.

ನಾನು ಹಾನಗಲ್ಲ ತಾಲೂಕಿನ ಒಂದು ಊರಿನ ಪಂಚಾಯತಿ ಸೆಕ್ರೆಟರಿ. ಲಿಂಗ ಕಟ್ಟಿದ ಮನೆತನ. ಮೀನಿನ ರುಚಿ ಹೇಗಿರುತ್ತದೆಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಆದರೂ ಮೀನಿನ ಫೈಲು ಇಟ್ಟವನು ನಾನೇ. ನಮ್ಮ ಜಿಲ್ಲೆ ಮುಂಬಯಿಯ ಕೈಬಿಟ್ಟು ಮೈಸೂರಿನ ಕೈಗೆ ಬಂದ ಹೊಸತು. ಆಗ ಎಲ್ಲಕ್ಕೂ ಒಂದೊಂದು ಯೋಜನೆ ಬರುತ್ತಿತ್ತು: ಕೋಳಿಗೊಂದು, ಜೇನಿಗೊಂದು, ಮೀನಿಗೊಂದು. ಕೋಳಿ ಬಂದು ಹೋಯಿತು, ಜೇನಿನ ಪೆಟ್ಟಿಗೆಯಲ್ಲಿ ಚೇರಮನ್ನರ ಹೆಂಡತಿ ಉಪ್ಪಿನಕಾಯಿ ಭರಣಿ ಇಟ್ಟರು. ಮೀನಿನ ಜೊತೆಗೆ ಮಾತ್ರ ಒಬ್ಬ ಮನುಷ್ಯನೂ ಬಂದ.

ಕೆರೆಯ ಏರಿಯ ಕೆಳಗೆ ನಾಲ್ಕು ಹೊಂಡ ತೋಡಿಸಿ, ಕಲಕತ್ತೆಯಿಂದ ರೈಲಿನಲ್ಲಿ ಮೀನಿನ ಮರಿ ತರಿಸಿ, ಹೆಬ್ಬೆರಳಿನಷ್ಟು ಬೆಳೆಸಿ, ನಾಲ್ಕೂ ತಾಲೂಕಿನ ಕೆರೆಗಳಿಗೆ ಹಂಚುವುದು ಅವರ ಕೆಲಸ. ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ: ಎಲ್ಲಿ ಕೆರೆ ಇದ್ದರೂ ಅದರೊಳಗೆ ನಮ್ಮೂರ ಮರಿ ಓಡಾಡಬೇಕು ಎಂದು ಅವರು ಮೊದಲ ದಿನವೇ ಹೇಳಿದ್ದರು. ಮೀನುಖಾತೆಯಲ್ಲಿ ಅವರದು ತೀರ ಕೆಳಗಿನ ಹುದ್ದೆ. ಮರಿಗಳ ಸಾಹೇಬರು ಎಂದೋ, ಸಾಹೇಬರಲ್ಲೇ ಇವರು ಮರಿ ಎಂದೋ, ಊರು ಅವರನ್ನು ಮರಿಸಾಹೇಬರು ಎಂದು ಕರೆಯಿತು. ಚೇಷ್ಟೆಗೆ ಇಟ್ಟ ಹೆಸರು. ಅವರು ಅದನ್ನು ಬಡ್ತಿ ಸಿಕ್ಕವರ ಹಾಗೆ ಸ್ವೀಕರಿಸಿದರು. ನಾನೂ ಹಾಗೆಯೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಬಂದ ದಿನ ಅವರು ಪ್ಯಾಂಟನ್ನು ಮೊಳಕಾಲಿನ ತನಕ ಮಡಚಿಕೊಂಡಿದ್ದರು. ಬೂಟುಗಳ ಕಸೆಗಳನ್ನು ಒಂದಕ್ಕೊಂದು ಗಂಟು ಹಾಕಿ ಕೊರಳಿಗೆ ನೇತುಹಾಕಿದ್ದರು. ಕೈಯಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆ, ಒಳಗೆ ಸಣ್ಣ ಸಣ್ಣ ಬಾಟಲಿಗಳು. ಪಂಚಾಯತಿಗೆ ಬಂದವರು ಕುಡಿಯಲು ನೀರು ಕೇಳಿದರು, ಒಂದು ಗುಟುಕನ್ನು ಬಾಯೊಳಗೆ ಆಡಿಸಿ, "ಇದು ಮಸೂತಿ ಹಿಂದಿನ ಬಾವಿ ನೀರಲ್ರಿ?" ಎಂದರು. ಹೌದಾಗಿತ್ತು. ಊರಿಗೆ ಕಾಲಿಟ್ಟು ಇನ್ನೂ ಒಂದು ತಾಸು ಆಗಿರಲಿಲ್ಲ. ದಾರಿಯಲ್ಲಿ ಸಿಕ್ಕ ಬಾವಿಗಳನ್ನೆಲ್ಲ ಕುಡಿಯುತ್ತಲೇ ಬಂದಿದ್ದರಂತೆ.

ನಮ್ಮ ಚೇರಮನ್ನರಿಗೆ ಇದು ಹಿಡಿಸಲಿಲ್ಲ. ಮರುದಿನ ಮೂರು ಲೋಟ ತುಂಬಿಸಿ ಮುಂದಿಟ್ಟು, "ಹೇಳ್ರಿ ನೋಡೂಣು" ಎಂದರು. ಮರಿಸಾಹೇಬರು ಮೂರನ್ನೂ ನಾಲಗೆಗೆ ಮುಟ್ಟಿಸಿ, ಇದು ಕೆರೆಯದು, ಇದು ಗೌಡರ ಬಾವಿಯದು, ಇದೂ ಗೌಡರ ಬಾವಿಯದೇ, ಆದರೆ ಇದನ್ನು ತಾಮ್ರದ ಕೊಡದಲ್ಲಿ ಇಟ್ಟಿದ್ದರು ಎಂದರು. ಚೇರಮನ್ನರು ಲೋಟಗಳನ್ನು ಒಂದರೊಳಗೊಂದು ಸೇರಿಸಿ ಎದ್ದು ಹೋದರು. ಅಂದಿನಿಂದ ಅವರಿಗೆ ಈ ಮನುಷ್ಯನ ಮೇಲೆ ಒಂದು ಸಣ್ಣ ಸಿಟ್ಟು ಉಳಿದುಬಿಟ್ಟಿತು.

ಈ ನಾಲಗೆ ಅವರಿಗೆ ಮನೆತನದಿಂದ ಬಂದದ್ದು. ಸವಣೂರಿನ ಎಲೆತೋಟದವರು. ಎಲೆಬಳ್ಳಿಗೆ ಸವಳು ನೀರು ಬಿದ್ದರೆ ಎಲೆ ಗಡುಸಾಗುತ್ತದೆ, ಆದ್ದರಿಂದ ಅಪ್ಪ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ನೀರು ಕಲಿಸಿದ್ದನಂತೆ. "ನೀರಿಗೂ ಸಿಟ್ಟು ಬರತೈತ್ರಿ" ಎನ್ನುತ್ತಿದ್ದರು. "ಹುಳಿ ಆದ್ರ ಒಂದು ಸಿಟ್ಟು, ಸವಳಾದ್ರ ಒಂದು ಸಿಟ್ಟು. ದೊಡ್ಡ ಮೀನು ಎರಡೂ ತಡಕೋತಾವು, ಕೆಳಗ ಆಳದಾಗ ಹೋಗಿ ಕುಂದ್ರತಾವು. ಮರಿ ಎಲ್ಲಿ ಹೋಗಬೇಕ್ರಿ? ಅದರ ಕಿವಿರು ಅಂದ್ರ ಹೊಸಾ ಕೂಸಿನ ಕಣ್ಣಿದ್ದಂಗ."

ಮೊದಲ ವರ್ಷ ಮರಿಗಳು ಬಂದಾಗ ನಾನೂ ಹಾವೇರಿ ಸ್ಟೇಷನ್ನಿಗೆ ಹೋಗಿದ್ದೆ. ತಗಡಿನ ಡಬ್ಬಿಗಳು, ಬಾಯಿಗೆ ತೆಳು ಅರಿವೆ. ಒಳಗೆ ಇಣುಕಿದರೆ ಮೊದಲು ಬರೀ ನೀರು, ಆಮೇಲೆ ಕಣ್ಣು ಹೊಂದಿಕೊಂಡ ಮೇಲೆ ನೀರೇ ಮಿಸುಕಾಡಿದಂತೆ ಕಾಣುತ್ತಿತ್ತು. ಡಬ್ಬಿಯ ನೀರಿಗೆ ಗಾಳಿ ಸಿಗಬೇಕಾದರೆ ಅದನ್ನು ಅಂಗೈಯಿಂದ ತಟ್ಟುತ್ತಲೇ ಇರಬೇಕು. ನಿಲ್ಲಿಸಿದರೆ ಮರಿ ಬಾಯಿ ಬಿಡುತ್ತವೆ. ಸ್ಟೇಷನ್ನಿನಿಂದ ಊರಿಗೆ ಲಾರಿಯಲ್ಲಿ ಬರುವಷ್ಟು ಹೊತ್ತೂ ಅವರು ಡಬ್ಬಿಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತು, ಒಂದರಿಂದ ಒಂದಕ್ಕೆ ಕೈ ಬದಲಿಸುತ್ತ ತಟ್ಟಿದರು. ಕೂಸು ಮಲಗಿಸುವ ಹೆಂಗಸರು ಹಾಗೆಯೇ ತಟ್ಟುತ್ತಾರೆ. ಇದು ಎಷ್ಟು ರೂಢಿಯಾಗಿತ್ತೆಂದರೆ, ಪಂಚಾಯತಿಯಲ್ಲಿ ಸುಮ್ಮನೆ ಕುಳಿತಾಗಲೂ ಅವರ ಕೈ ನನ್ನ ಮೇಜನ್ನು ತಟ್ಟುತ್ತಿತ್ತು. ಶಾಯಿಯ ಬಾಟಲಿ ನಡುಗುತ್ತಿತ್ತು. "ಸಾಹೇಬ್ರ, ಇದರೊಳಗ ಮೀನಿಲ್ರಿ" ಎಂದರೆ ನಕ್ಕು ಕೈ ತೆಗೆದು, ಮತ್ತೆ ಎರಡು ನಿಮಿಷಕ್ಕೆ ಶುರು ಮಾಡುತ್ತಿದ್ದರು.

ಆ ವರ್ಷದ ಮರಿಗಳನ್ನು ಹೊಂಡಕ್ಕೆ ಬಿಟ್ಟದ್ದು ಮಧ್ಯಾಹ್ನ. ರೈಲು ಬೆಳಗಿನದು, ಲಾರಿ ಊರು ಮುಟ್ಟುವಾಗ ಬಿಸಿಲು ನೆತ್ತಿಗೆ. ಸಂಜೆಯ ಹೊತ್ತಿಗೆ ಹೊಂಡದ ಅಂಚಿನಲ್ಲಿ ಅಕ್ಕಿಯ ನುಚ್ಚು ಚೆಲ್ಲಿದ ಹಾಗೆ ಬೆಳ್ಳಗೆ ತೇಲಿದವು. ಎರಡನೆಯ ವರ್ಷವೂ ಅದೇ. ಮೂರನೆಯ ವರ್ಷವೂ ಅದೇ. ರೈಲಿನ ತಪ್ಪೆಂದರು, ಡಬ್ಬಿಯ ತುಕ್ಕು ಎಂದರು, ಬಿಸಿಲೆಂದರು. ಡಬ್ಬಿಗಳನ್ನು ಹೊಂಡದಲ್ಲಿ ತೇಲಿಸಿ ನೀರು ತಂಪಾಗಲು ಬಿಟ್ಟು ನೋಡಿದರು. ಊರವರು ಮಾತ್ರ ಕೆರೆಯ ನೀರೇ ಕೆಟ್ಟದ್ದು ಎಂದು ತೀರ್ಮಾನ ಮಾಡಿದ್ದರು. ಅದೊಂದನ್ನು ಕೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. "ನೀರು ಚಲೋ ಐತ್ರಿ. ನಾನು ದಿನಾ ನೋಡತೇನಿ."

ದಿನಾ ನೋಡುತ್ತಿದ್ದರು, ಅದು ನಿಜ. ಖಾತೆಯ ಅಚ್ಚಿನ ಹಾಳೆಯಲ್ಲಿ "ಬೆಳಿಗ್ಗೆ ಎಂಟು ಗಂಟೆ" ಎಂದು ಒಂದು ಅಂಕಣವಿತ್ತು. ಅವರು ಮಳೆಯಿರಲಿ ಜ್ವರವಿರಲಿ ಬೆಳಿಗ್ಗೆ ಎಂಟಕ್ಕೆ ಹೊಂಡದ ನೀರು ತೆಗೆದು, ಬಾಟಲಿಯ ಹನಿ ಬಿಟ್ಟು, ಬಣ್ಣ ನೋಡಿ, ಹಾಳೆ ತುಂಬುತ್ತಿದ್ದರು. ಹಾಳೆಯ ಪ್ರಕಾರ ನಮ್ಮ ನೀರಿನಂಥ ನೀರು ಜಿಲ್ಲೆಯಲ್ಲೇ ಇರಲಿಲ್ಲ. ಒಂಬತ್ತು ಗಂಟೆಗೆ ಅಂಕಣವಿರಲಿಲ್ಲ, ಹನ್ನೆರಡಕ್ಕೂ ಇರಲಿಲ್ಲ. ಇಲ್ಲದ ಅಂಕಣದಲ್ಲಿ ಏನಿರಬಹುದು ಎಂದು ಆ ಜಾಣನಿಗೂ ಹೊಳೆಯಲಿಲ್ಲ, ಹಾಳೆಗಳನ್ನು ಫೈಲಿಗೆ ಹಾಕುವ ನನಗೂ ಹೊಳೆಯಲಿಲ್ಲ.

ಮೂರನೆಯ ಸಲ ಸತ್ತ ಮೇಲೆ ಜಿಲ್ಲೆಯಿಂದ ಪತ್ರ ಬಂತು. ಮುಂದಿನ ಮಳೆಗಾಲದ ಮರಿ ಬದುಕದಿದ್ದರೆ ಹೊಂಡಗಳನ್ನು ಮುಚ್ಚುವುದು. ಪತ್ರ ಓದಿದ ದಿನ ಅವರು ನನ್ನ ಮೇಜಿನ ಮುಂದೆ ಬಹಳ ಹೊತ್ತು ಕುಳಿತಿದ್ದರು. ಕೈ ತಟ್ಟುತ್ತಿರಲಿಲ್ಲ. "ಒಂದು ಸಲ, ಒಂದೇ ಸಲ ಈ ನೀರಾಗ ಅವು ಬದುಕಿದ್ದು ನೋಡಬೇಕ್ರಿ. ಆಮ್ಯಾಲ ಮುಚ್ಚಿದ್ರ ಮುಚ್ಚಲಿ" ಎಂದರು.

ಆ ಬೇಸಿಗೆಯಲ್ಲಿ ನನ್ನ ಮದುವೆಯಾಯಿತು. ಹೆಣ್ಣು ಶಿಗ್ಗಾಂವಿ ಕಡೆಯ ಹಿರೇಬೆಂಡಿಗೇರಿಯವಳು. ಬಂದ ವಾರದಲ್ಲೇ ಮನೆಯಲ್ಲಿ ಒಂದು ಸಣ್ಣ ರಾದ್ಧಾಂತ ನಡೆಯಿತು. ಮದುವೆಯಲ್ಲಿ ಉಟ್ಟ ಅರಿಷಿಣದ ಸೀರೆಯನ್ನು ಅವಳು ಕೆರೆಗೆ ಒಯ್ದು, ಪಾಪ, ಕೆಲಸವೆಲ್ಲ ಮುಗಿದ ಮೇಲೆ, ನಡುಮಧ್ಯಾಹ್ನ ಜಾಲಿಸಿಕೊಂಡು ಬಂದಿದ್ದಳು. ಸೀರೆ ಅಲ್ಲಲ್ಲಿ ಕೆಂಪಾಗಿತ್ತು. ಅವ್ವ ತಲೆಯ ಮೇಲೆ ಕೈ ಹೊತ್ತು ಕುಳಿತಳು.

ಮರಿಸಾಹೇಬರು ಅಂದು ನಮ್ಮಲ್ಲಿ ಊಟಕ್ಕೆ ಬಂದಿದ್ದರು. ಪಡಸಾಲೆಯಲ್ಲಿ ರೊಟ್ಟಿ ಮುರಿಯುತ್ತ ಕುಳಿತವರು ಹಗ್ಗದ ಮೇಲಿನ ಸೀರೆ ನೋಡಿ, "ಏನಾತ್ರಿ ಅದಕ್ಕ? ಸಬಕಾರ ಹಚ್ಚಿದ್ರೇನು?" ಎಂದು ಕೇಳಿದರು.

"ಸಬಕಾರ ಯಾರು ಹಚ್ಚತಾರ್ರೀ ಅರಿಷಿಣದ ಅರಿವೀಗೆ?" ಅವ್ವ ಒಳಗಿನಿಂದಲೇ ಅಂದಳು. "ಬರೇ ನೀರಾಗ ಜಾಲಿಸ್ಯಾಳ. ಆದ್ರ ಹೊತ್ತು ನೋಡಿಲ್ಲ. ನಮ್ಮ ಕೆರ್ಯಾಗ ಹೊತ್ತು ಏರಿದ ಮ್ಯಾಲ ಅರಿಷಿಣ ಅದ್ದಬಾರದು. ಕೆರಿ ಕಣ್ಣು ಬೀಳತೈತಿ, ಕೆಂಪಗಾಗತೈತಿ. ನಸಿಕಿನ್ಯಾಗ ಒಗದ್ರ ಬಂಗಾರದಂಗ ಇರತಿತ್ತು. ನಮ್ಮ ಅತ್ತಿ ಕಾಲದಿಂದಲೂ ಹಿಂಗ."

ರೊಟ್ಟಿಯ ತುಂಡು ಅವರ ಕೈಯಲ್ಲೇ ಉಳಿಯಿತು. "ಇನ್ನೊಮ್ಮೆ ಹೇಳ್ರಿ, ಅವ್ವಾರ" ಎಂದರು. ಅವ್ವ ಇನ್ನೊಮ್ಮೆ ಹೇಳಿದಳು, ಈ ಸಲ ಸ್ವಲ್ಪ ಸಿಟ್ಟಿನಿಂದ. ಅರಿಷಿಣಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ. ಆರತಿಯ ತಟ್ಟೆಯಲ್ಲಿ ಓಕುಳಿ ಕಲಸುವ ಪ್ರತಿ ಹೆಂಗಸಿಗೂ ಗೊತ್ತು, ಎಲೆ ಹಾಕುವ ಪ್ರತಿ ಗಂಡಸಿಗೂ ಗೊತ್ತು. ಸುಣ್ಣವಿಲ್ಲದೆ, ಬರೀ ನೀರಿನಲ್ಲಿ, ಅದೂ ಮಧ್ಯಾಹ್ನ ಮಾತ್ರ ಕೆಂಪಾಗುತ್ತದೆಂದರೆ? ಅವರು ಊಟ ಬಿಟ್ಟು ಎದ್ದರು. ಕೈ ತೊಳೆಯಲಿಲ್ಲ. ಬೂಟು ನಮ್ಮ ಬಾಗಿಲಲ್ಲೇ ಬಿಟ್ಟು ಆ ಬಿಸಿಲಿನಲ್ಲಿ ಬರಿಗಾಲಿನಲ್ಲಿ ಕೆರೆಯತ್ತ ಓಡಿದರು. ಪೆಟ್ಟಿಗೆ ಹಿಡಿದು ನಾನು ಹಿಂದೆ ಓಡಿದೆ.

ಬೆಳಿಗ್ಗೆ ಎಂಟಕ್ಕೆ ಬಣ್ಣವೇ ಬಾರದಿದ್ದ ಹನಿ ಈಗ ಹೊಂಡದ ನೀರಿನಲ್ಲಿ ಬಿದ್ದ ಕೂಡಲೇ ಗುಲಾಬಿಯಾಯಿತು. ಅವರು ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದರು, ನನಗೆ ತೋರಿಸಿದರು, ಮತ್ತೆ ನೋಡಿದರು. ಆಮೇಲೆ ಹೊಂಡದ ದಂಡೆಯಲ್ಲಿ ಕುಳಿತು ತಮ್ಮ ತಲೆಗೆ ತಾವೇ ಒಂದು ಪೆಟ್ಟು ಕೊಟ್ಟುಕೊಂಡರು. "ಮೂರು ವರ್ಷ, ಸೆಕ್ರೆಟ್ರಿಯವರ. ನಾನೇ ಒಯ್ದು ಸುಣ್ಣದಾಗ ಬಿಟ್ಟಂಗಾತಲ್ರಿ."

ನನಗೆ ತಿಳಿಯುವ ಹಾಗೆ ಅವರು ಅಂದು ಹೇಳಿದ್ದು ಇಷ್ಟು. ಹೊಂಡಕ್ಕೆ ಸಗಣಿ ಹಾಕುತ್ತೇವೆ, ಕೆರೆಗೆ ಊರ ದನ ಇಳಿಯುತ್ತವೆ, ನೀರು ಹಸಿರಾಗುತ್ತದೆ, ಆ ಹಸಿರೇ ಮರಿಗಳ ಮೇವಿಗೆ ಮೂಲ. ಆದರೆ ಬಿಸಿಲು ಏರಿದ ಹಾಗೆ ಈ ಹಸಿರು ನೀರಿನೊಳಗಿನ, ನಾವು ಉಸಿರು ಬಿಡುವಂಥ ಹುಳಿಗಾಳಿಯನ್ನೆಲ್ಲ ತಿಂದುಬಿಡುತ್ತದೆ, ನೀರು ಸುಣ್ಣದ ನೀರಿನ ಹಾಗೆ ಸವಳಾಗುತ್ತ ಹೋಗುತ್ತದೆ. ಕತ್ತಲಾದ ಮೇಲೆ ಮತ್ತೆ ಮೆತ್ತಗಾಗುತ್ತದೆ. ಇತ್ತ ಡಬ್ಬಿಯ ನೀರು ಎರಡು ಮೂರು ದಿನ ಮರಿಗಳ ಉಸಿರಿನಿಂದಲೇ ಹುಳಿಯಾಗಿರುತ್ತದೆ, ಅವುಗಳ ಹೊಲಸೂ ಅದರಲ್ಲೇ ಇರುತ್ತದೆ. ಅಂಥ ಮರಿಯನ್ನು ಮಧ್ಯಾಹ್ನದ ಸವಳಿಗೆ ಒಮ್ಮೆಲೇ ಸುರಿದರೆ ಕಿವಿರು ಸುಡುತ್ತದೆ, ಹೊಲಸು ವಿಷವಾಗುತ್ತದೆ. ನೀರು ತಂಪಾಗಿದ್ದರೆ ಸಾಲದು, ಹೊತ್ತು ಸರಿಯಿರಬೇಕು. "ನಿಮ್ಮ ಅವ್ವಾರಿಗೆ ಇದು ಗೊತ್ತಿತ್ತು. ನಾನು ಗಂಡಸು, ಹೆಂಗಸರು ಒಗಿಯೂ ಕಡೆ ಹೋಗಂಗಿಲ್ಲ, ಕೇಳಂಗಿಲ್ಲ. ನಿಮ್ಮನಿಯಾಗ ಇತ್ರೆಪಾ ಇದು."

ಹೌದು, ನಮ್ಮನೆಯಲ್ಲೇ ಇತ್ತು. ಚಿಕ್ಕಂದಿನಿಂದ ಆ ಮಾತು ಕೇಳುತ್ತಲೇ ಬಂದವನು ನಾನು. ಮೆಟ್ರಿಕ್ ಪಾಸಾದವನಲ್ಲವೇ, ಹೆಂಗಸರ ಹುಚ್ಚು ಎಂದು ಬಿಟ್ಟಿದ್ದೆ.

ಮುಂದಿನ ಎರಡು ವಾರ ಅವರಷ್ಟು ಸುಖಿಯನ್ನು ನಾನು ಕಂಡಿಲ್ಲ. ತಾಸಿಗೊಮ್ಮೆ ನೀರು ನೋಡಿದರು. ಬಾಟಲಿ ಖಾಲಿಯಾಯಿತು. ಹೊಸದಕ್ಕೆ ಬರೆದರು, ಉತ್ತರ ಬರಲಿಲ್ಲ. ಆಗ ಅವರು ನಮ್ಮ ಮನೆಗೆ ಬಂದು, ಬಾಗಿಲಲ್ಲೇ ನಿಂತು, ಅರಿಷಿಣದ ಅರಿವೆಯ ಒಂದು ಚೂರು ಕೊಡಬಹುದೇ ಎಂದು ಕೇಳಿದರು. ಮದುವೆಯ ಸೀರೆ ಹರಿಯುವುದು ಹೇಗೆ? ಅವ್ವ ಒಂದು ಹಳೇ ಬಿಳಿ ಪಂಚೆಯನ್ನು ಅರಿಷಿಣದಲ್ಲಿ ಅದ್ದಿ ಒಣಗಿಸಿ, ಉದ್ದುದ್ದ ಪಟ್ಟಿ ಹರಿದು ಕೊಟ್ಟಳು. ಅವರು ಅವನ್ನು ಹೊತ್ತು ಹೊತ್ತಿಗೆ ಹೊಂಡದಲ್ಲಿ ಅದ್ದಿ, ಪಂಚಾಯತಿಯ ಹಳೇ ನೋಟೀಸಿನ ಬೆನ್ನಿಗೆ ಅಂಟಿಸಿದರು. ನಸುಕಿನದು ಹಳದಿ. ಒಂಬತ್ತರದು ಮಸುಕು. ನಡುಮಧ್ಯಾಹ್ನದ್ದು ಕೆಂಪು. ಸಂಜೆಯದು ತುಕ್ಕಿನ ಬಣ್ಣ. ಮರುದಿನ ನಸುಕಿನದು ಮತ್ತೆ ಹಳದಿ. ಆ ಕಾಗದವನ್ನು ಅವರು ಮಡಚದೆ, ಸುರುಳಿ ಸುತ್ತಿ, ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.

ಅವರ ಉಪಾಯ ಸರಳವಾಗಿತ್ತು. ಈ ವರ್ಷ ಸಗಣಿ ಕಡಿಮೆ ಹಾಕುವುದು, ಹಸಿರು ದಟ್ಟವಾಗದಂತೆ ನೋಡುವುದು. ಮರಿ ಬಂದ ದಿನ ಬಿಡದೆ, ಡಬ್ಬಿಗಳನ್ನು ಏರಿಯ ಹುಣಸೆಮರದ ನೆರಳಿನಲ್ಲಿಟ್ಟು, ಸಂಜೆಯ ಮೇಲೆ ಹೊಂಡದ ನೀರನ್ನು ಚರಿಗೆ ಚರಿಗೆಯಾಗಿ ಬೆರೆಸುತ್ತ, ಬೆಳಗು ಹರಿಯುವಾಗ ಬಿಡುವುದು. ಬಿಸಿಲು ಏರಿದಾಗ ಕೆರೆಯ ತೂಬಿನಿಂದ ಬಿಸಿಲು ಮುಟ್ಟದ ತಳದ ತಣ್ಣೀರು ಹಾಯಿಸುವುದು. "ನಾಲ್ಕು ದಿನಾ ಹಿಂಗ ದಾಟಿಸಿದ್ರ ಸಾಕ್ರಿ. ಆಮ್ಯಾಲ ಅವೇ ಕಲೀತಾವು."

ಅಷ್ಟರಲ್ಲಿ ಚೇರಮನ್ನರಿಗೆ ಒಂದು ಸಮಾರಂಭದ ಹುಕಿ ಬಂತು. ಜಿಲ್ಲೆಯಿಂದ ದೊಡ್ಡ ಸಾಹೇಬರನ್ನು ಕರೆಸಿ, ಅವರ ಕೈಯಿಂದಲೇ ಮರಿ ಬಿಡಿಸಬೇಕು. ಆಮಂತ್ರಣ ಬರೆಯುವವನು ನಾನು. ಮರಿಸಾಹೇಬರು ಬಂದು, "ಹೊತ್ತು ಒಂದು ನೋಡಿ ಹಾಕ್ರಿ. ನಸಿಕಿನ್ಯಾಗ ಆಗಲಿಕ್ಕಂದ್ರ ಸಂಜೀ ಮುಂದರೆ ಸಾಹೇಬ್ರ ಕಡಿಂದ ಬರೇ ಪೂಜಿ ಮಾಡಸ್ರಿ, ಬಿಡೂದು ನನಗ ಬಿಡ್ರಿ" ಎಂದರು.

"ಮಾಡೂಣು ಬಿಡ್ರಿ ಸಾಹೇಬ್ರ" ಅಂದೆ. ಎಷ್ಟು ಹಗುರವಾಗಿ ಅಂದೆ ಎಂಬುದು ಇವತ್ತಿಗೂ ಕಿವಿಯಲ್ಲಿದೆ.

ಚೇರಮನ್ನರಿಗೆ ಹೇಳಿದೆ. ಹೇಳಲಿಲ್ಲ ಎಂದಲ್ಲ. ಅವರು, "ದೊಡ್ಡ ಸಾಹೇಬ್ರು ಹನ್ನೆರಡಕ್ಕ ಬರ್ತಾರ, ಮರಿ ಬಿಟ್ಟು ಊಟಾ ಮಾಡಿ ಹೋಗ್ತಾರ. ಮೀನಿನ ಸಲುವಾಗಿ ಸಾಹೇಬ್ರನ್ನ ನಸಿಕಿನ್ಯಾಗ ಎಬ್ಬಸೂದೇನು?" ಎಂದು ನಕ್ಕರು. ನಾನೂ ಜೊತೆಗೆ ನಕ್ಕೆ. ಹನ್ನೆರಡೂವರೆ ಎಂದು ಬರೆದೆ, ದುಂಡಗಿನ ಅಕ್ಷರದಲ್ಲಿ. ನನ್ನ ಅಕ್ಷರ ಚಂದ ಎಂದು ಊರಲ್ಲಿ ಹೆಸರಿದೆ.

ಆ ದಿನ ಮಳೆ ಬಿಡುವು ಕೊಟ್ಟು ಬಿಸಿಲು ಕಾಯ್ದಿತ್ತು. ಹೊಂಡದ ಸುತ್ತ ಮಾವಿನ ತೋರಣ, ಕುರ್ಚಿಗಳು, ಒಂದು ಲೌಡ್‌ಸ್ಪೀಕರು. ದೊಡ್ಡ ಸಾಹೇಬರು ಹಾರ ಹಾಕಿಸಿಕೊಂಡು ದಂಡೆಗೆ ಬಂದಾಗ ಮರಿಸಾಹೇಬರು ಡಬ್ಬಿಗಳ ಮುಂದೆ ಅಡ್ಡ ನಿಂತಿದ್ದರು. ಒಂದು ಕೈಯಲ್ಲಿ ಆ ಸುರುಳಿ ಕಾಗದ, ಇನ್ನೊಂದರಲ್ಲಿ ಹೊಸ ಹಳದಿ ಪಟ್ಟಿ.

"ಸಾಹೇಬ್ರ, ಒಂದು ಮಾತ್ರಿ. ಈಗ ಬಿಟ್ರ ಸಾಯತಾವ್ರಿ. ನಾಳೆ ನಸಿಕಿನ್ಯಾಗ ಬಿಡ್ತೇನ್ರಿ. ಇಲ್ಲಿ ನೋಡ್ರಿ" ಎಂದು ಬಗ್ಗಿ ಪಟ್ಟಿಯನ್ನು ಹೊಂಡದಲ್ಲಿ ಅದ್ದಿ ಎತ್ತಿದರು. ಎಲ್ಲರ ಕಣ್ಣೆದುರು ಅದು ಕೆಂಪೇರಿತು.

ದೊಡ್ಡ ಸಾಹೇಬರು ಒಂದು ಕ್ಷಣ ನೋಡಿದರು. ಅರಿಷಿಣದ ಅರಿವೆ, ಕೆಂಪು ಬಣ್ಣ, ಮೀನು ಸಾಯುತ್ತವೆ ಎಂಬ ಮಾತು. ಬಾಟಲಿಯ ಹನಿಯಾಗಿದ್ದರೆ ಅವರು ತಲೆದೂಗುತ್ತಿದ್ದರೋ ಏನೋ. "ಏನ್ರಿ ಇದು, ಮಾಟಾ ಮಂತ್ರಾ ಹಚ್ಚೀರೇನು?" ಎಂದರು. ಕುರ್ಚಿಗಳಲ್ಲಿದ್ದವರು ಗೊಳ್ಳೆಂದು ನಕ್ಕರು. ಚೇರಮನ್ನರು ಎಲ್ಲರಿಗಿಂತ ಜೋರಾಗಿ, ಮೂರು ಲೋಟದ ಕಾಲದಿಂದ ಕೂಡಿಟ್ಟ ನಗೆ ಅದು.

ಮರಿಸಾಹೇಬರು ನನ್ನ ಕಡೆ ನೋಡಿದರು. ನನಗೆ ಎಲ್ಲ ಗೊತ್ತಿತ್ತು, ಹನಿ ಗುಲಾಬಿಯಾದದ್ದನ್ನು ಕಣ್ಣಾರೆ ಕಂಡಿದ್ದೆ. ಒಂದು ಮಾತು, "ಹೌದ್ರಿ ಸಾಹೇಬ್ರ, ನಾನೂ ನೋಡೇನಿ" ಎಂದಿದ್ದರೆ ಸಾಕಿತ್ತು. ಬಹುಶಃ ಸಾಲುತ್ತಿರಲಿಲ್ಲ. ಆದರೆ ಅನ್ನಬೇಕಿತ್ತು. ನಾನು ಬಗ್ಗಿ, ಜಾರಿಬಿದ್ದ ತೋರಣದ ಎಲೆಯೊಂದನ್ನು ಎತ್ತಿ ಸಿಕ್ಕಿಸಿದೆ. ತಲೆ ಎತ್ತುವಾಗ ಅವರು ಕಾಗದವನ್ನು ಜೇಬಿಗಿಟ್ಟು, ತಾವೇ ಮೊದಲ ಡಬ್ಬಿಯ ಅರಿವೆ ಬಿಚ್ಚಿ, ದೊಡ್ಡ ಸಾಹೇಬರ ಕೈಗೆ ಎತ್ತಿ ಕೊಡುತ್ತಿದ್ದರು. ಡಬ್ಬಿ ಬಾಗುವಾಗ ಅದರ ಬೆನ್ನನ್ನು ಮೆಲ್ಲಗೆ ಎರಡು ಸಲ ತಟ್ಟಿದರು.

ದೊಡ್ಡ ಸಾಹೇಬರ ಊಟ ಮುಗಿಯುವ ಮೊದಲೇ ಮರಿಗಳು ಮೇಲೆ ಬಂದು ಸುತ್ತು ಹಾಕತೊಡಗಿದವು. ಸಂಜೆಗೆ ನುಚ್ಚು ಚೆಲ್ಲಿದ ಹಾಗೆ. ಮರಿಸಾಹೇಬರು ಮೊಳಕಾಲ ಮಟ್ಟ ನೀರಿನಲ್ಲಿ ನಿಂತು, ತೂಬಿನ ನೀರು ಹಾಯಿಸಿ, ಅಂಗೈಯಿಂದ ಹೊಂಡದ ನೀರನ್ನು ತಟ್ಟುತ್ತಲೇ ಇದ್ದರು. ಹೊಂಡ ಡಬ್ಬಿಯಲ್ಲ. ಅದು ಅವರಿಗೂ ಗೊತ್ತಿತ್ತು. ನಾನು ಏರಿಯ ಮೇಲೆ ನಿಂತು ನೋಡಿದೆ, ಇಳಿದು ಹೋಗಲಿಲ್ಲ.

ಮರುದಿನ ವರದಿ ಬರೆಯಬೇಕಿತ್ತು. "ಮರಿ ಸತ್ತ ಕಾರಣ" ಎಂಬಲ್ಲಿ ನಾನು ಬರೆದೆ: ನೀರು ಮರಿಗಳಿಗೆ ಯೋಗ್ಯವಿಲ್ಲ.

ಅವರು ಓದಿದರು. "ನೀರಿನ ಮ್ಯಾಲ ಯಾಕ ಹಾಕ್ತೀರಿ? ನೀರಿಂದೇನು ತಪ್ಪೈತ್ರಿ? 'ಹೊತ್ತು ಯೋಗ್ಯವಿರಲಿಲ್ಲ' ಅಂತ ಬರೀರಿ."

"ಹೊತ್ತು ಯಾರು ಇಟ್ರು ಅಂತ ಕೇಳ್ತಾರ್ರಿ. ಚೇರಮನ್ನರ ಹೆಸರು ಬರತೈತಿ, ದೊಡ್ಡ ಸಾಹೇಬ್ರ ಹೆಸರು ಬರತೈತಿ. ನಿಮ್ಮ ನೌಕರಿ ಹೋಗತೈತಿ" ಅಂದೆ. ನನ್ನ ಹೆಸರೂ ಬರುತ್ತದೆ ಎಂಬುದನ್ನು ಹೇಳಲಿಲ್ಲ.

ಅವರಿಗೆ ಮೂವರು ಹೆಣ್ಣುಮಕ್ಕಳಿದ್ದರು. ಆ ಸಾಲಿನ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ ನನ್ನ ಲೇಖನಿ ತೆಗೆದುಕೊಂಡು ಸಹಿ ಮಾಡಿ, "ಚಲೋ ನೀರಿತ್ರಿ" ಎಂದು ಎದ್ದರು. ತಿಂಗಳೊಳಗೆ ಅವರನ್ನು ಹಿರೇಕೆರೂರಿಗೆ ವರ್ಗ ಮಾಡಿದರು. ಹೋಗುವ ದಿನ ಅವ್ವನಿಗೆ ಒಂದು ಕಟ್ಟು ಎಲೆ ಕೊಟ್ಟು, "ನೀವು ನನಗಿಂತ ಮೊದಲು ಇರಬೇಕಿತ್ರಿ ಖಾತೇದಾಗ" ಎಂದು ನಕ್ಕರು. ಅದೇ ಅವರು ನಕ್ಕದ್ದನ್ನು ನಾನು ಕಂಡ ಕೊನೆಯ ಸಲ.

ಅಲ್ಲಿಂದ ಒಂದೇ ಒಂದು ಕಾರ್ಡು ಬಂತು. ಅಬಲೂರಿನ ಕಡೆಯ ಕೆರೆಗಳನ್ನು ನೋಡುತ್ತಿದ್ದೇನೆ, ಇಲ್ಲಿ ಮರಿಯಿಲ್ಲ, ಬರೀ ಹರಾಜಿನ ಕೆಲಸ. ಆದರೂ ನಸುಕಿಗೊಮ್ಮೆ ಮಧ್ಯಾಹ್ನಕ್ಕೊಮ್ಮೆ ಪಟ್ಟಿ ಅದ್ದಿ ನೋಡುತ್ತೇನೆ, ಯಾರೂ ಕೇಳುವುದಿಲ್ಲ, ಎಂದು ಬರೆದಿದ್ದರು. ಉತ್ತರ ಬರೆಯಬೇಕೆಂದು ಕಾರ್ಡನ್ನು ಮೇಜಿನ ಮೇಲೆ ಇಟ್ಟುಕೊಂಡೆ. ಅದು ಅಲ್ಲೇ ಹಳದಿಯಾಯಿತು.

ಹೋದ ವರ್ಷ ಖಾತೆಯಿಂದ ಒಬ್ಬ ಹೊಸ ಅಧಿಕಾರಿ ಬಂದರು. ಓದಿದ ಹುಡುಗ, ಮಾತೂ ಮೆತ್ತಗೆ. ನಮ್ಮ ಹೊಂಡಗಳಲ್ಲಿ ಮತ್ತೆ ಮರಿ ಬೆಳೆಸಬಹುದೇ ಎಂದು ನೋಡಲು ಬಂದಿದ್ದರು. ಫೈಲು ತೆಗೆಸಿದರು, ಕೊನೆಯ ಹಾಳೆ ಓದಿದರು. "ನೀರು ಯೋಗ್ಯವಿಲ್ಲ ಅಂತ ಐತಲ್ರಿ."

ನಾನು ಹೇಳಿದೆ. ನಸುಕು, ಮಧ್ಯಾಹ್ನ, ಅರಿಷಿಣ, ಎಲ್ಲ ಹೇಳಿದೆ. ತಡವರಿಸುತ್ತ ಹೇಳಿದೆನೋ ಏನೋ. ಅವರು ಸೌಜನ್ಯದಿಂದ ಕೇಳಿ, ಹಾಳೆಯ ಕೆಳಗೆ ಬೆರಳಿಟ್ಟು, "ಆದ್ರ ಅವರೇ ಸಹಿ ಮಾಡ್ಯಾರಲ್ರಿ?" ಎಂದರು. ಹೊರಗೆ ಚೇರಮನ್ನರು ಕಾಯುತ್ತಿದ್ದರು. ಹೊಂಡದ ಜಾಗ ಅವರಿಗೆ ಇಟ್ಟಂಗಿ ಸುಡಲು ಬೇಕಾಗಿತ್ತು. ಹಳೆಯ ವರದಿ ಸರಿಯಿದೆ ಎಂದು ಪಂಚಾಯತಿಯಿಂದ ಒಂದು ಸಾಲು ಬೇಕು ಎಂದರು ಚೇರಮನ್ನರು. ಆ ಸಾಲು ಬರೆದು, ನಾನು ಸಹಿ ಮಾಡಿದೆ. ಈ ಸಲ ಹೆದರಬೇಕಾದ ಕಾರಣವೂ ನನಗಿರಲಿಲ್ಲ. ಬೇಸಿಗೆ ಬರುವ ಹೊತ್ತಿಗೆ ನಾಲ್ಕೂ ಹೊಂಡ ಮುಚ್ಚಿ, ಅಲ್ಲಿ ಇಟ್ಟಂಗಿ ಭಟ್ಟಿ ಎದ್ದಿತ್ತು.

ಈಗ ಸಂತೆಯ ಆ ಮಾತು. ಮರಿಸಾಹೇಬರ ತಮ್ಮ ಎಲೆಗಳನ್ನು ಜೋಡಿಸಿ, ಬಾಳೆನಾರಿನಿಂದ ಕಟ್ಟುತ್ತ ಅಂದ:

"ಮಾತಿದ್ದಾಗ ನಿಮ್ಮದ ಸುದ್ದಿ ತಗೀತಿದ್ರಿ ಅಣ್ಣ. ಹಾನಗಲ್ಲ ಕಡೆ ಒಂದು ಕೆರಿ ಐತಿ, ಅಂಥಾ ನೀರು ಎಲ್ಲೂ ಇಲ್ಲ, ಅದರ ಹೊತ್ತು ಯಾರಿಗೂ ಗೊತ್ತಿಲ್ಲ ಅಂತಿದ್ರು. ನಾನು ಹೋದ್ರೂ ಚಿಂತಿಲ್ಲ, ಅಲ್ಲಿ ಸೆಕ್ರೆಟ್ರಿಯವರು ಅದಾರ, ಅವರು ಕಣ್ಣಾರೆ ನೋಡ್ಯಾರ, ಮುಂದ ಯಾರರೆ ಬಂದು ಕೇಳಿದ್ರ ಅವರು ಹೇಳ್ತಾರ, ಆ ಹೊಂಡದಾಗ ಒಂದಿಲ್ಲೊಂದು ದಿನಾ ಮರಿ ಬದುಕತಾವು ಅಂತಿದ್ರು." ಅವನು ಕಟ್ಟನ್ನು ನನ್ನ ಕೈಗೆ ಕೊಟ್ಟು ಮುಖ ನೋಡಿದ. "ಹೌದಲ್ರಿ? ಹೊಂಡಾ ಅದಾವಲ್ರಿ ಇನ್ನಾ?"

ಎಲೆಯ ಕಟ್ಟು ತಣ್ಣಗೆ ಒದ್ದೆಯಾಗಿತ್ತು.

"ಅದಾವ" ಅಂದೆ.